ಮೂಲೆಯಲ್ಲಿ ಬರೆದ ಹೆಸರು

ಬದುಕಿದ್ದ ಹುಡುಗನೊಬ್ಬನಿಗೆ ನಾನು ಶ್ರದ್ಧಾಂಜಲಿ ಬರೆದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳೋಣವೆಂದು ಇಟ್ಟುಕೊಂಡ ತಪ್ಪು ನನ್ನ ಬಾಯಿಂದ ಸುಲಭಕ್ಕೆ ಹೊರಬೀಳುವುದಿಲ್ಲ ಎಂಬುದು ಎಪ್ಪತ್ತು ದಾಟಿದ ಮೇಲೆ ನನಗೆ ಖಾತ್ರಿಯಾಗಿದೆ.

ನಾನು ವಿಜಯಪುರದ ಜೋರಾಪುರ ಪೇಟೆಯ ಬೋರ್ಡ್ ಪೇಂಟರ್ ಕಲ್ಲಪ್ಪ. ಮ್ಯಾಟ್ರಿಕ್ ಮುಗಿಸಿ ಕುಂಚ ಹಿಡಿದವನು ಫ್ಲೆಕ್ಸ್ ಮಷಿನ್ ಬರುವತನಕ ಬಿಡಲಿಲ್ಲ. ಕಿರಾಣಿ ಅಂಗಡಿ, ಕುಸ್ತಿ, ನಾಟಕ, ಮದುವೆ, ಮರಣ ಎಲ್ಲವನ್ನೂ ಬರೆದೆ. ನಮ್ಮ ಕಸುಬಿನಲ್ಲೊಂದು ಪದ್ಧತಿಯಿದೆ. ಬೋರ್ಡು ಎಷ್ಟೇ ದೊಡ್ಡದಿರಲಿ, ಬರೆದವನ ಹೆಸರು ಕೆಳಗಿನ ಬಲ ಮೂಲೆಯಲ್ಲಿ ಅಕ್ಕಿಕಾಳಿನಷ್ಟು ಸಣ್ಣದಾಗಿ ಇರಬೇಕು. ಹೊಗಳುವವರಿಗೂ ಬೈಯುವವರಿಗೂ ಅದೇ ವಿಳಾಸ.

ನನ್ನ ಮೊಮ್ಮಗಳು ಅಶ್ವಿನಿ ಡಿಗ್ರಿ ಮುಗಿಸಿ, ಪುಣೆಯ ಒಂದು ಬೇಸ್‌ಬಾಲ್ ತಂಡಕ್ಕೆ ಸೋಷಿಯಲ್ ಮೀಡಿಯಾ ಇಂಟರ್ನ್ ಆಗಿ ಸೇರಿದಳು. ಪಂದ್ಯವಿದ್ದಾಗ ಪುಣೆ, ಉಳಿದ ದಿನ ನಮ್ಮ ಮನೆಯ ಮುಂದಿನ ಕೋಣೆ. ಆ ಕೋಣೆಯ ಒಂದು ಬದಿಗೆ ನನ್ನ ಒಣಗಿದ ಬಣ್ಣದ ಡಬ್ಬಿಗಳು, ಇನ್ನೊಂದು ಬದಿಗೆ ಅವಳ ಲ್ಯಾಪ್‌ಟಾಪ್.

“ಇಂಟರ್ನ್ ಅಂದ್ರ ಏನಬೇ?” ಎಂದು ಕೇಳಿದೆ.

“ಕಲಿಯಾಕತ್ತಾಕಿ ಅಂತ, ಯಜ್ಜಾ.”

“ಕಲತ ಮ್ಯಾಲೆ?”

“ಇನ್ನೇನರ ಕಲಿಯಾಕ ಹಚ್ಚತಾರ.”

ಬೇಸ್‌ಬಾಲನ್ನೂ ಅವಳೇ ಕಲಿಸಿದಳು. ನನ್ನ ಕಣ್ಣಿಗೆ ಅದು ಚಿನ್ನಿದಾಂಡಿನ ಶ್ರೀಮಂತ ತಮ್ಮನಂತೆ ಕಂಡಿತು. ಒಬ್ಬ ಎಸೆಯುತ್ತಾನೆ, ಒಬ್ಬ ಬಾರಿಸುತ್ತಾನೆ, ಬಾರಿಸಿದವನು ಓಡುತ್ತಾನೆ. ಒಂದು ಮಾತು ಮಾತ್ರ ವಿಚಿತ್ರವೆನಿಸಿತು. ಎಷ್ಟು ದೂರ ಓಡಿದರೂ, ಸುತ್ತುಹಾಕಿ ಹೊರಟ ಜಾಗಕ್ಕೇ ಬಂದು ಕಾಲಿಟ್ಟರೆ ಮಾತ್ರ ರನ್ನು. ನಡುವೆ ನಿಂತವನಿಗೆ ಏನೂ ಇಲ್ಲ.

ಚಹಾದಂಗಡಿಯಲ್ಲಿ ಗೆಳೆಯರು ಕೇಳಿದರೆ “ಕಂಪನಿಯಾಗ ಅದಾಳ” ಎನ್ನುತ್ತಿದ್ದೆ. ಇಡೀ ದಿನ ಮೊಬೈಲ್ ತಿಕ್ಕುವುದನ್ನು ನೌಕರಿಯೆಂದು ಹೇಳಲು ನನಗೆ ನಾಚಿಕೆ. ಆದರೆ ಕೂತು ನೋಡಿದರೆ ಅವಳ ಕೆಲಸ ನನ್ನದೇ ಕೆಲಸ. ಆಟಗಾರನ ಚಿತ್ರ ಹಾಕುತ್ತಾಳೆ, ಕೆಳಗೆ ಒಂದು ಸಾಲು ಬರೆಯುತ್ತಾಳೆ, ಅಳಿಸುತ್ತಾಳೆ, ಮತ್ತೆ ಬರೆಯುತ್ತಾಳೆ. ಹೆಸರನ್ನು ಮೂರು ಸಲ ನೋಡುತ್ತಾಳೆ. “ಹೆಸರು ತಪ್ಪಿದ್ರ ಮೊದಲ ನೋಯೂದು ಅವರವ್ವಗ” ಎನ್ನುತ್ತಾಳೆ. ನಾನು ಗೋಡೆಯ ಹತ್ತಿರ ಹೋಗಿ ಬರೆದವನು. ಅವಳು ಗೋಡೆಯನ್ನೇ ಜನರ ಅಂಗೈಗೆ ಕಳಿಸುತ್ತಾಳೆ. ವ್ಯತ್ಯಾಸ ಅಷ್ಟೇ.

ಇನ್ನು ಶ್ರದ್ಧಾಂಜಲಿಯ ವಿಷಯ.

ಒಂದು ಸೋಮವಾರ ಮುಂಜಾನೆ ಅವಳು ಸ್ನಾನಕ್ಕೆ ಹೋಗಿದ್ದಳು. ಫೋನು ಮಂಚದ ಮೇಲಿತ್ತು. ತಂಡದ ಚಿತ್ರಗಳಿಗೆ ಲೈಕ್ ಒತ್ತಲು ನನಗೆ ಪರವಾನಗಿ ಇತ್ತು, “ಬ್ಯಾರೆ ಏನೂ ಮುಟ್ಟಬ್ಯಾಡ” ಎಂಬ ತಾಕೀತಿನೊಂದಿಗೆ. ತೆರೆದು ನೋಡಿದರೆ ಚೆಂಡು ಎಸೆಯುವ ಹುಡುಗನ ಫೋಟೊ. ಕಪ್ಪು-ಬಿಳುಪು. ಮುಖ ಆಕಾಶಕ್ಕೆ. ಕೆಳಗೆ ಇಂಗ್ಲಿಷಿನಲ್ಲಿ, ನೀನು ಮಾಡಿದ್ದಕ್ಕೆಲ್ಲ ಕೃತಜ್ಞರು, ನಿನ್ನ ನೆನಪು ಸದಾ ಇರುತ್ತದೆ ಎಂಬರ್ಥದ ಸಾಲು.

ಓದುಗರೇ, ನೀವೇ ಹೇಳಿ. ನಮ್ಮ ಕಡೆಯ ಯಾವ ಸರ್ಕಲ್‌ನಲ್ಲಿ ಜೀವಂತ ಮನುಷ್ಯನನ್ನು ಕಪ್ಪು-ಬಿಳುಪಿನಲ್ಲಿ ನಿಲ್ಲಿಸುತ್ತಾರೆ? ಹುಟ್ಟುಹಬ್ಬಕ್ಕೆ ಬಣ್ಣ, ಸಾವಿಗೆ ಕಪ್ಪು-ಬಿಳುಪು. ಇದು ನಾನು ಜೀವಮಾನವಿಡೀ ಪಾಲಿಸಿದ ವ್ಯಾಕರಣ. ಪಾಪ, ಎಳೆಯ ಮೀಸೆಯ ಹುಡುಗ. ಮೈಕಿನ ಗುರುತು ಒತ್ತಿ, ಫೋನಿಗೆ ಬಾಯಿಟ್ಟು, ನನಗೆ ಬಾಯಿಪಾಠವಿದ್ದ ಒಕ್ಕಣೆ ಹೇಳಿದೆ: “ಭಾವಪೂರ್ಣ ಶ್ರದ್ಧಾಂಜಲಿ. ಮೃತರ ಆತ್ಮಕ್ಕೆ ಚಿರಶಾಂತಿ ದೊರಕಲಿ. ದುಃಖತಪ್ತರು, ಸಮಸ್ತ ಬಂಧುಗಳು ಹಾಗೂ ಮಿತ್ರಮಂಡಳಿ.” ಹೇಳಿದ್ದೆಲ್ಲ ಚಿತ್ರದ ಕೆಳಗೆ ಅಕ್ಷರವಾಗಿ ಮೂಡಿತು, ಕಳಿಸುವ ಬಾಣದ ಗುರುತು ಒತ್ತಿದೆ. ಮನಸ್ಸು ಹಗುರಾಯಿತು.

ಆ ಹುಡುಗ ಸತ್ತಿರಲಿಲ್ಲ. ತಂಡ ಬಿಟ್ಟು ಬೇರೆ ತಂಡಕ್ಕೆ ಹೊರಟಿದ್ದ, ಅಷ್ಟೇ. ನಾನು ಬರೆದದ್ದು ನನ್ನ ಹೆಸರಿನಲ್ಲೂ ಇರಲಿಲ್ಲ. ಫೋನಿನಲ್ಲಿ ತಂಡದ ಖಾತೆಯೇ ತೆರೆದಿದ್ದರಿಂದ, ತಂಡವೇ ಅಧಿಕೃತವಾಗಿ ಅವನಿಗೆ ಚಿರಶಾಂತಿ ಕೋರಿದಂತಾಗಿತ್ತು. ಕನ್ನಡ ಬಾರದ ಪುಣೆಯವರಿಗೂ ‘ಶ್ರದ್ಧಾಂಜಲಿ’ ಅರ್ಥವಾಗುತ್ತದೆ. ಗೋಳಗುಮ್ಮಟದಲ್ಲಿ ಪಿಸುಗುಟ್ಟಿದ್ದು ಹೇಗೆ ತಿರುತಿರುಗಿ ಬರುತ್ತದೋ ಹಾಗೆ ಕೈಮುಗಿದ ಚಿಹ್ನೆಗಳು ಬರತೊಡಗಿದವು. ಹುಡುಗ ರಾತ್ರಿ ಬಸ್ಸಿನಲ್ಲಿ ಹೊರಟವನು ಇನ್ನೂ ದಾರಿಯಲ್ಲಿದ್ದ, ಅವನ ಫೋನು ಸ್ವಿಚ್ ಆಫ್ ಆಗಿತ್ತು. ಊರಲ್ಲಿ ಅವನ ತಾಯಿಗೆ ಯಾರೋ ಸುದ್ದಿ ಮುಟ್ಟಿಸಿದರು.

ಸ್ನಾನದಿಂದ ಬಂದ ಅಶ್ವಿನಿ ಫೋನು ನೋಡಿ ಬಿಳಿಚಿಕೊಂಡಳು. ನಾನು ಅಂಗಳಕ್ಕೆ ಜಾರಿ, ತುಳಸಿಗೆ ಎರಡನೇ ಸಲ ನೀರು ಹಾಕಿದೆ. ಒಳಗೆ ಅವಳು ಯಾರೊಂದಿಗೋ ಮರಾಠಿಯಲ್ಲಿ ಮಾತನಾಡುವುದು ಕೇಳಿಸಿತು.

ಹನ್ನೊಂದಕ್ಕೆ ಅವಳ ಮೇಲಿನ ಅಧಿಕಾರಿ ಮೇಡಂ ವಿಡಿಯೋದಲ್ಲಿ ಬಂದರು. ನಾನು ಬಾಗಿಲ ಹಿಂದೆ. “ಯಾರು ಬರೆದದ್ದು?” ಎಂದು ಹಿಂದಿಯಲ್ಲಿ ಕೇಳಿದರು. “ತಪ್ಪು ನನ್ನದು” ಎಂದಳು ಅಶ್ವಿನಿ. ಮೇಡಂ ಮತ್ತೆ ಕೇಳಿದರು. ಅವಳು ಮತ್ತೆ ಅದನ್ನೇ ಹೇಳಿದಳು. ನಿನ್ನನ್ನು ಕೆಲಸದಲ್ಲಿ ಇಟ್ಟುಕೊಳ್ಳುವುದೋ ಬಿಡಿಸುವುದೋ ಶುಕ್ರವಾರ ತಿಳಿಸುತ್ತೇವೆ ಎಂದು ಮೇಡಂ ಮಾತು ಮುಗಿಸಿದರು. ಬಾಗಿಲಿಗೂ ಲ್ಯಾಪ್‌ಟಾಪಿಗೂ ನಾಲ್ಕು ಹೆಜ್ಜೆ. ನಾನು ಒಂದನ್ನೂ ಇಡಲಿಲ್ಲ.

ಸಂಜೆ ಅವಳು ಎಂದಿನಂತೆ ರೊಟ್ಟಿ ಬಡಿಸಿದಳು. ನಾನು ರೊಟ್ಟಿ ಮುರಿಯದೆ ಕೇಳಿದೆ.

“ನಾ ಬರದದ್ದು ಅಂತ ಯಾಕ ಹೇಳಲಿಲ್ಲ?”

“ಅಯ್ಯ, ‘ದುಃಖತಪ್ತರು’ ಅಂತ ಬರಿಯಾವ್ರು ಈ ಮನ್ಯಾಗ ಇನ್ಯಾರ ಅದಾರ?” ಎಂದು ನಕ್ಕಳು. ಆಮೇಲೆ ನಗಲಿಲ್ಲ. “ಖಾತೆ ನನ್ನ ಕೈಯಾಗ ಕೊಟ್ಟಾರ, ಯಜ್ಜಾ. ನಾನ ತೆರದ ಬಿಟ್ಟ ಹೋಗಿದ್ದೆ. ನಿನ್ನ ಹೆಸರ ಹೇಳಿದ್ರ ನನ್ನ ತಪ್ಪ ಹೋಗತೈತೇನು?”

ಈ ಮಾತು ನನ್ನನ್ನು ನೇರ ಬಬಲೇಶ್ವರದ ಗೋಡೆಯೊಂದರ ಮುಂದೆ ನಿಲ್ಲಿಸಿತು. ನಲವತ್ತು ವರ್ಷದ ಹಿಂದಿನ ಮಾತು. ಅಲ್ಲಿ ನಡೆಯಲಿದ್ದ ಕುಸ್ತಿಯ ಜಾಹೀರಾತು ಬರೆಯಲು ಕಮಿಟಿಯ ಕಾರ್ಯದರ್ಶಿ, ತಿಕೋಟಾದ ದಸ್ತಗೀರಸಾಬರು ನನಗೆ ಚೀಟಿ ಕೊಟ್ಟಿದ್ದರು. ಚೀಟಿಯಲ್ಲಿ ಸೋಮವಾರ. ಹಿಂದಿನ ವಾರವೆಲ್ಲ ಭಾನುವಾರ ಬರೆದ ನನ್ನ ಕೈ, ಗೋಡೆಯ ಮೇಲೂ ಭಾನುವಾರವನ್ನೇ ಬರೆಯಿತು. ಜೈನಾಪುರದಿಂದ, ಕನಮಡಿಯಿಂದ ಜನ ಭಾನುವಾರವೇ ಬಂದು ಖಾಲಿ ಅಖಾಡದ ಸುತ್ತ ಕೂತರು. ಗದ್ದಲವಾಯಿತು. “ಚೀಟಿಯಾಗ ಹಂಗ ಇತ್ತು” ಎಂದೆ ನಾನು. ಚೀಟಿ ನನ್ನ ಕಿಸೆಯಲ್ಲೇ ಇತ್ತು. ಎಲ್ಲರೆದುರು ಬೈಸಿಕೊಂಡ ದಸ್ತಗೀರಸಾಬರು ಕಮಿಟಿ ಬಿಟ್ಟರು. ನಾನು ಒದ್ದೆ ಬಟ್ಟೆಯಿಂದ ಗೋಡೆಯ ಬಲ ಮೂಲೆಯ ನನ್ನ ಹೆಸರನ್ನು ಒರೆಸಿದೆ. ದಿನ ತಿದ್ದುವುದಕ್ಕೂ ಮೊದಲು ಹೆಸರು ಒರೆಸಿದೆ, ನೋಡಿ.

ಗುರುವಾರ ತಿಕೋಟಾದ ಬಸ್ಸು ಹತ್ತಿದೆ. ದಸ್ತಗೀರಸಾಬರು ಒಣದ್ರಾಕ್ಷಿಯ ಶೆಡ್ಡಿನ ನೆರಳಲ್ಲಿ ಕೂತು ಕಡ್ಡಿ ಆರಿಸುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಕೈ ನಿಲ್ಲಿಸಲಿಲ್ಲ.

“ಚೀಟಿ ಬರದಾಂವ ನಾನ. ಏನ ಬರದಿದ್ದೆ ಅಂತ ನನಗ ಗೊತ್ತಿರಂಗಿಲ್ಲೇನೋ, ಪೇಂಟರ್?”

“ಮತ್ತ ಆವಾಗ ಯಾಕ ಸುಮ್ಮನಾದ್ರಿ?”

“ನೀನ ಬಂದ ಹೇಳ್ತಿ ಅಂತ ಕಾದೆ. ಇಷ್ಟ ತಡಾ ಮಾಡ್ತಿ ಅಂತ ತಿಳದಿದ್ದಿಲ್ಲ. ಇನ್ನ ಎರಡ ವರ್ಷ ಬಿಟ್ಟ ಬಂದಿದ್ರ ನನ್ನ ಕಪ್ಪು-ಬಿಳುಪು ಬೋರ್ಡಿಗೆ ಹೇಳಬೇಕಾಗ್ತಿತ್ತು.” ಒಂದು ಹಿಡಿ ಒಣದ್ರಾಕ್ಷಿ ನನ್ನ ಅಂಗೈಗೆ ಸುರಿದರು. “ಕುಂಡ್ರು. ಚಾ ಬರತೈತಿ.”

ಹೊರಟ ಜಾಗಕ್ಕೆ ಬಂದು ಕಾಲಿಡುವುದಕ್ಕೆ ನನಗೆ ನಲವತ್ತು ವರ್ಷ ಹಿಡಿಯಿತು. ನಿಧಾನದ ಆಟಗಾರ.

ಶುಕ್ರವಾರ ಮೇಡಂ ವಿಡಿಯೋದಲ್ಲಿ ಬಂದಾಗ ಆ ನಾಲ್ಕು ಹೆಜ್ಜೆ ಇಟ್ಟೆ. ಗಾಂಧಿ ಟೋಪಿ ಸರಿಮಾಡಿಕೊಂಡು, ನನಗೆ ಬಂದಷ್ಟು ಹಿಂದಿಯಲ್ಲಿ, ಬರೆದವನು ನಾನೆಂದೆ. ಮೇಡಂ ನಕ್ಕುಬಿಟ್ಟರು. ಅವಳನ್ನು ಇಟ್ಟುಕೊಳ್ಳುವ ತೀರ್ಮಾನ ಆಗಲೇ ಆಗಿತ್ತು. ಆ ಹುಡುಗನ ತಾಯಿಯೇ ಅವರಿಗೆ ಫೋನು ಮಾಡಿದ್ದರಂತೆ. ಕೈಮುಗಿದವರು ನೂರಾರು ಜನ, ಆದರೆ ‘ನಿಮ್ಮ ಮಗ ಆರಾಮಾಗಿದ್ದಾನೆ, ತಪ್ಪು ನನ್ನದು’ ಎಂದು ಎಲ್ಲರಿಗಿಂತ ಮೊದಲು ಫೋನು ಮಾಡಿ, ಮಗನ ಫೋನು ಚಾಲೂ ಆಗಿ ಅವನ ದನಿ ಕೇಳುವತನಕ ಲೈನಿನಲ್ಲೇ ಇದ್ದವಳು ಒಬ್ಬಳೇ ಹುಡುಗಿ, ಅವಳನ್ನು ಬಿಡಿಸಬೇಡಿ ಎಂದರಂತೆ. ಸೋಮವಾರ ನಾನು ತುಳಸಿಗೆ ನೀರು ಹಾಕುವಾಗ ಕೇಳಿಸಿದ ಮರಾಠಿ ಅದು.

ನನ್ನ ತಪ್ಪೊಪ್ಪಿಗೆ ಅವಳಿಗೆ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ನನಗೆ. ಚಹಾದಂಗಡಿಗೆ ಹೋಗಿ, ಯಾರೂ ಕೇಳದಿದ್ದರೂ, ನನ್ನ ಮೊಮ್ಮಗಳು ಬೇಸ್‌ಬಾಲ್ ತಂಡದಲ್ಲಿ ಏನು ಮಾಡುತ್ತಾಳೆಂದು ಎರಡು ಕಪ್ ಚಹಾ ಆರುವಷ್ಟು ಹೊತ್ತು ಹೇಳಿದೆ.

ಮನೆಗೆ ಬಂದು ಬಣ್ಣದ ಡಬ್ಬಿ ತೆರೆದೆ. ಗಟ್ಟಿಯಾಗದೆ ಉಳಿದದ್ದು ಕೆಂಪು, ಹಳದಿ. ಹಲಗೆಯ ಮೇಲೆ ಬರೆದೆ: “ಚೆಂಡು ಎಸೆಯುವ ತಮ್ಮಾ, ನೂರು ವರ್ಷ ಬಾಳು. ಸೋಮವಾರ ಬರೆದದ್ದು ತಪ್ಪು.” ಪದ್ಧತಿಯಂತೆ ಬಲ ಮೂಲೆಯಲ್ಲಿ, ಅಕ್ಕಿಕಾಳಿನಷ್ಟು: ಪೇಂಟರ್ ಕಲ್ಲಪ್ಪ, ಜೋರಾಪುರ ಪೇಟೆ. ಅದರ ಫೋಟೊ ಆ ಹುಡುಗನಿಗೆ ಕಳಿಸಲು ಅಶ್ವಿನಿ ಫೋನು ಹಿಡಿದು ನೋಡಿದಳು, ಕಣ್ಣು ಕಿರಿದು ಮಾಡಿದಳು, ಅಡ್ಡಡ್ಡ ತಲೆಯಾಡಿಸಿದಳು.

“ಯಜ್ಜಾ, ಹೆಸರು ಕಾಣವಲ್ದು. ದೊಡ್ಡದಾಗಿ ಬರಿ.”

ಬರೆದೆ.