ಹಮೀದಾಕ ತುರಿದ ಕಾಲುಗಳು

ನನ್ನ ಕಾಲನ್ನು ಒಬ್ಬರು ತೆಂಗಿನಕಾಯಿ ತುರಿದ ಹಾಗೆ ತುರಿಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡವನು. ಉಡುಪಿಯ ಬನ್ನಂಜೆಯ ಒಂದು ಓಣಿಯ ಹೆಂಚಿನ ಮಾಡಿನ ಕೋಣೆ. ಮೇಜಿಗೆ ಬಿಗಿದ, ಕಬ್ಬಿಣದ ಇಕ್ಕಳದಂಥ ವೈಸಿನ ದವಡೆಯಲ್ಲಿ ಅದು ತಲೆಕೆಳಗಾಗಿ ನಿಂತಿತ್ತು. ಮೊಣಕಾಲು, ಅದರ ಕೆಳಗೆ ಒಂದು ಗೇಣು, ಅಷ್ಟೇ. ಬಿಳಿ ಬಿಳಿ. ಗಡ್ಡದವರೊಬ್ಬರು ಅದರೆದುರು ನಿಂತು, ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಹತ್ಯಾರೊಂದರಿಂದ ಸರ್ ಸರ್ ಎಂದು ಉಜ್ಜುತ್ತಿದ್ದರು. ಪುಡಿ ಅವರ ಹುಬ್ಬು, ಗಡ್ಡ, ಟೊಪ್ಪಿಯ ಮೇಲೆಲ್ಲ ಕೂತಿತ್ತು. ಹತ್ತಿರ ಹೋಗಿ ನೋಡಿದರೆ ನನ್ನ ಹೊಲಿಗೆಯ ಗೆರೆ ಕೂಡ ಅದರ ಮೇಲೆ ಮೂಡಿದೆ. ಊರುಗೋಲು ಕೈಯಿಂದ ಜಾರಿ ಬಿತ್ತು.

ಅವರು ತಲೆ ಎತ್ತಲಿಲ್ಲ. "ಹೆದರಬೇಡಿ ಕಂಡಕ್ಟರ್ರೇ, ಇದು ನಿಮ್ಮದೇ" ಎಂದರು.

ನನ್ನದು ಎಂದು ಗೊತ್ತಾದದ್ದಕ್ಕೇ ನಾನು ಹೆದರಿದ್ದು. ಅದು ಪ್ಲಾಸ್ಟರಿನ ಕಾಲು ಎಂಬುದು ತಲೆಗೆ ಗೊತ್ತಿತ್ತು, ಹಿಂದಿನ ವಾರ ಅವರೇ ಅದರ ಅಚ್ಚು ತೆಗೆದಿದ್ದರು. ಆದರೆ ಅವರ ಕೈ ಒಂದೊಂದು ಸಲ ಎಳೆದಾಗಲೂ ನನ್ನ ಇಲ್ಲದ ಪಾದದವರೆಗೆ ಜುಮ್ಮೆಂದದ್ದನ್ನು ಏನೆನ್ನಲಿ?

ನಾನು ಕಾರ್ಕಳ–ಉಡುಪಿ ಬಸ್ಸಿನ ಕಂಡಕ್ಟರ್. ಫುಟ್‌ಬೋರ್ಡಿನಲ್ಲಿ ನಿಂತು ಸೀಟಿ ಊದುವುದೇ ಒಂದು ದೊಡ್ಡಸ್ತಿಕೆ ಎಂದುಕೊಂಡಿದ್ದವನು. ಎರಡು ಸಾವಿರನೇ ಇಸವಿಯ ಆಚೀಚೆ, ಒಂದು ಮಳೆಗಾಲ, ಅದೇ ಫುಟ್‌ಬೋರ್ಡಿನಿಂದ ಜಾರಿ ನಮ್ಮದೇ ಬಸ್ಸಿನ ಹಿಂದಿನ ಚಕ್ರಕ್ಕೆ ಎಡಗಾಲು ಕೊಟ್ಟೆ. ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಬಸ್ಸಿನ ಧಣಿಗಳು ನೋಡಲು ಬಂದು, ಯಾರ ಕೈಯೂ ಹಿಡಿಯದೆ ಬಸ್ಸು ಹತ್ತುವ ದಿನ ಬಾ, ನಿನ್ನ ಜಾಗ ನಿನಗೇ ಉಂಟು ಎಂದು ಹೇಳಿ ಹೋಗಿದ್ದರು. ಮನೆಯಲ್ಲಿ ಗುಲಾಬಿ ಬೀಡಿ ಕಟ್ಟುತ್ತ, ನನ್ನ ಮುಖ ನೋಡದೆ ದಿನ ದೂಡುತ್ತಿದ್ದಳು. ಹಾಗಾಗಿ ನನಗೆ ಬೇಕಿದ್ದದ್ದು ಬರೇ ಒಂದು ಕಾಲಲ್ಲ, ಫುಟ್‌ಬೋರ್ಡ್ ಹತ್ತುವ ಕಾಲು.

ಅದನ್ನು ಮಾಡುತ್ತಿದ್ದವರು ಕಾಪುವಿನ ಹಮೀದ್. ನಮ್ಮ ಕರಾವಳಿಯ ಬ್ಯಾರಿ ಮುಸ್ಲಿಮರು ಹಿರಿಯರನ್ನು ಅಕ್ಕರೆಯಿಂದ ಕರೆಯುವ ಹಾಗೆ ಎಲ್ಲರ ಬಾಯಲ್ಲೂ ಹಮೀದಾಕ. ಗಲ್ಫಿನಲ್ಲಿ ಅವರದು ಆಫೀಸುಗಳಿಗೆ ಜಿಪ್ಸಂ ಹಲಗೆಯ ಗೋಡೆ ನಿಲ್ಲಿಸುವ ಕೆಲಸವಾಗಿತ್ತು. ಹಲಗೆಯ ಅಂಚು ಪೈಪಿನ ಬಳಿಯೋ ಸ್ವಿಚ್ಚಿನ ಪೆಟ್ಟಿಗೆಯ ಬಳಿಯೋ ಸರಿಯಾಗಿ ಕೂರದಿದ್ದರೆ ಈ ಚಿಕ್ಕ ಹತ್ಯಾರಿನಿಂದ ನಾಲ್ಕು ಸಲ ಎಳೆದರೆ ಮುಗಿಯಿತು. ಅದರ ಹೊಟ್ಟೆಗೆ ಒಂದು ತಗಡು, ತಗಡಿನ ತುಂಬ ತೂತು, ಒಂದೊಂದು ತೂತಿಗೂ ಒಂದು ಹಲ್ಲು. ಅವರು ಅದನ್ನು ರಾಸ್ಪ್ ಎನ್ನುತ್ತಿದ್ದರು, ನಾನು ತೆಂಗಿನಕಾಯಿ ತುರಿಯುವ ಹೆರೆಮಣೆ ಎನ್ನುತ್ತಿದ್ದೆ. ಗಲ್ಫ್ ಬಿಟ್ಟು ಬರುವಾಗ ಜನ ಸೆಂಟು, ಕಂಬಳಿ, ಟೇಪ್‌ರೆಕಾರ್ಡರ್ ತಂದರೆ ಈ ಮಹಾಶಯರು ಪೆಟ್ಟಿಗೆಯ ತುಂಬ ಇದರ ತಗಡುಗಳನ್ನೇ ತಂದಿದ್ದರು. ಬನ್ನಂಜೆಯಲ್ಲಿ ಕೃತಕ ಕಾಲು ಮಾಡುವ ಕೋಣೆ ತೆರೆದವರಿಗೆ ಪ್ಲಾಸ್ಟರ್ ತಿದ್ದುವ ಕೈ ಬೇಕಿತ್ತು. ಗೋಡೆ ತುರಿದ ಕೈ ಅಲ್ಲಿ ಕಾಲು ತುರಿಯಲು ಕಲಿಯಿತು.

ಕೆಲಸ ಹೀಗೆ. ಉಳಿದ ಮೋಟು ಕಾಲಿಗೆ ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಬಿಗಿದ ಮೇಲೆ ಕಳಚಿ, ಅದರೊಳಗೆ ಪ್ಲಾಸ್ಟರ್ ಹೊಯ್ದರೆ ನಮ್ಮದೇ ಕಾಲಿನ ಪ್ರತಿ ಸಿಗುತ್ತದೆ. ಆ ಪ್ರತಿಯ ಮೇಲೆ, ಕಾಲು ಕೂರುವ ಗೂಡನ್ನು ಎರಕ ಹೊಯ್ಯುತ್ತಾರೆ. ಅದಕ್ಕೆ ಮೊದಲು ತಿದ್ದುವ ಕೆಲಸ ಉಂಟು. ಭಾರ ತಾಳುವ ಕಡೆ ತುರಿದು ತಗ್ಗು ಮಾಡಿದರೆ ಗೂಡು ಅಲ್ಲಿ ಬಿಗಿಯಾಗಿ ಹಿಡಿಯುತ್ತದೆ. ನೋವಿರುವ ಕಡೆ ಪ್ಲಾಸ್ಟರ್ ಮೆತ್ತಿ ಉಬ್ಬಿಸಿದರೆ ಗೂಡು ಅಲ್ಲಿ ಸಡಿಲವಾಗುತ್ತದೆ. ತುರಿಯುವಾಗ ಹಮೀದಾಕ ಆಗಾಗ ನಿಲ್ಲಿಸಿ, ಉಫ್ ಎಂದು ಪುಡಿ ಹಾರಿಸಿ, ಕಣ್ಣು ಮುಚ್ಚಿ, ಬೆರಳುಗಳ ಹಿಂಬದಿಯಿಂದ ಆ ಕಾಲನ್ನು ಸವರುತ್ತಿದ್ದರು. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಗೂಡಿನ ಕೆಳಗೆ ಕೂರಿಸುವ ಮರದ ಪಾದವನ್ನು ರೂಪಕ್ಕೆ ತರುವಾಗಲೂ ಅದೇ ರಾಸ್ಪ್, ಅದೇ ಸವರುವಿಕೆ.

ಅವರ ಇನ್ನೆರಡು ಅಭ್ಯಾಸಗಳು ನೆನಪಿವೆ. ಚಹಾಕ್ಕೆ ಸಕ್ಕರೆ ಎಷ್ಟು ಸುರಿದರೂ ಸಾಲದು. ಮತ್ತೆ, ನಮ್ಮ ಕರಾವಳಿಯ ಸೆಕೆಯಲ್ಲೂ ಕಾಲಿಗೆ ದಪ್ಪ ಕಪ್ಪು ಕಾಲುಚೀಲ. ಇದೆಂತ ವೇಷ ಎಂದು ನಾನು ತಮಾಷೆ ಮಾಡಿದರೆ, ಪ್ಲಾಸ್ಟರಿನ ಪುಡಿ ಕಾಲಿಗೆ ಆಗುವುದಿಲ್ಲ ಎನ್ನುತ್ತಿದ್ದರು. ನಾನು ನಂಬಿದ್ದೆ.

ತುರಿಯುವ ಮೊದಲು ಅವರು ನಮ್ಮ ಮೋಟು ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಎಲ್ಲ ಕಡೆ ಒತ್ತಿ, ನೋವುಂಟಾ ಎಂದು ಕೇಳುತ್ತಿದ್ದರು. ಇಲ್ಲಿಯೇ ನಮ್ಮ ಊರಿನವರ ಅವತಾರ ಶುರುವಾಗುವುದು. ಊಟಕ್ಕೆ ಉಪ್ಪು ಕಡಿಮೆಯಾದರೂ ಅಡ್ಡಿಲ್ಲ, ಬಸ್ಸಿನಲ್ಲಿ ಕಾಲು ತುಳಿದರೂ ಅಡ್ಡಿಲ್ಲ ಎನ್ನುವ ಜನ ನಾವು. ನಾನೂ ಅಡ್ಡಿಲ್ಲ ಎಂದೆ. ಮೋಟಿನ ಹಿಂಬದಿಯ ಒಂದು ಜಾಗ ಒತ್ತಿದಾಗ ಕಣ್ಣಿಗೆ ಕತ್ತಲೆ ಬಂದಿತ್ತು. ಅಷ್ಟು ಹಿರಿಯರು ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡಿರುವಾಗ ಅಯ್ಯೋ ಎಂದು ಕೂಗುವುದು ಹೇಗೆ?

ನನ್ನ ಪಕ್ಕದಲ್ಲಿ ಬಾಗಲಕೋಟೆ ಕಡೆಯ ಹನಮಂತಪ್ಪ ಕೂತಿದ್ದ. ಕಾರ್ಕಳದ ಕಲ್ಲುಕೋರೆಯಲ್ಲಿ ಬಂಡೆ ಉರುಳಿ ಕಾಲು ಹೋದವನು. ಹಮೀದಾಕನ ಹೆಬ್ಬೆರಳು ತಾಗುವ ಮೊದಲೇ ಅವನು, "ಯವ್ವಾ, ಸಾಯ್ತೀನ್ರೀ, ಅಲ್ಲೇ ಐತಿ ನೋಡ್ರೀ, ಬೆರಳು ತಗೀರಿ" ಎಂದು ಓಣಿಗೆಲ್ಲ ಕೇಳುವ ಹಾಗೆ ಬೊಬ್ಬೆ ಹೊಡೆದ. ನನಗೆ ಒಳಗೊಳಗೆ ನಗು. ಹಮೀದಾಕನ ಮುಖ ಮಾತ್ರ ಅರಳಿತು.

"ಇವರ ಕಾಲು ಒಂದೇ ಸಲಕ್ಕೆ ಸರಿಯಾಗ್ತದೆ ನೋಡಿ" ಎಂದರು ನನಗೆ. "ನಮ್ಮ ಊರಿನವರದ್ದೇ ನನಗೆ ಹೆದರಿಕೆ. ತಾಳುವಲ್ಲಿ ತೆಗೆಯುವುದು, ತಾಳದ ಕಡೆ ಕೊಡುವುದು, ನನ್ನ ಕೆಲಸ ಇಷ್ಟೇ ಮಾರಾಯ್ರೆ. ಎಲ್ಲಿ ತಾಳುವುದಿಲ್ಲ ಅಂತ ಈ ಹೆರೆಮಣೆಗೆ ಹೇಗೆ ಗೊತ್ತಾಗಬೇಕು?"

ನಾನು ಅಡ್ಡಿಲ್ಲ ಎಂದ ಜಾಗವನ್ನು ಅವರು ನಂಬಿ ತುರಿದರು. ಕಾಲು ಬಂತು. ಹನಮಂತಪ್ಪ ಅದೇ ವಾರ ಕೋಣೆಯಲ್ಲಿ ಗತ್ತಿನಿಂದ ಓಡಾಡಿದ. ನಾನೂ ಓಡಾಡಿದೆ, ಹಲ್ಲು ಕಚ್ಚಿಕೊಂಡು. ಮನೆಗೆ ಹೋಗಿ ಕಳಚಿದರೆ ಒಳಗಿನ ಬಟ್ಟೆ ಕೆಂಪು. ಗುಲಾಬಿ ಕೇಳಿದಳು, ಅಡ್ಡಿಲ್ಲ ಎಂದೆ. ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಧಣಿಗಳ ಎದುರು ಫುಟ್‌ಬೋರ್ಡಿಗೆ ಕಾಲಿಟ್ಟೆ. ಭಾರ ಬಿದ್ದದ್ದೇ ತಡ, ಮೆಣಸಿನ ಪುಡಿ ಹಾಕಿದ ಹಾಗೆ ಉರಿ ಎದ್ದು, ಅಷ್ಟು ಜನ ನೋಡುತ್ತಿದ್ದ ಹಾಗೆ ಅಂಗಾತ ಬಿದ್ದೆ. ಧಣಿಗಳು ಇನ್ನೊಬ್ಬ ಕಂಡಕ್ಟರನನ್ನು ಕರೆದು ಬಸ್ಸು ಹೊರಡಿಸಿದರು.

ಮರುದಿನ ಬನ್ನಂಜೆಗೆ ಹೋದೆ. ಹಮೀದಾಕ ಗಾಯ ನೋಡಿದರು. ಬಹಳ ಹೊತ್ತು ನೋಡಿದರು. ಎದ್ದು ಹೋಗಿ ಕಪಾಟಿನಿಂದ ನನ್ನ ಪ್ಲಾಸ್ಟರಿನ ಕಾಲನ್ನು ತಂದು ನೆಲದ ಮೇಲಿಟ್ಟರು. ಇನ್ನೊಂದು ಕೈಯಲ್ಲಿ ಸುತ್ತಿಗೆ ಇದ್ದುದು ನನಗೆ ಕಂಡದ್ದು ಆಮೇಲೆ. ಒಂದೇ ಪೆಟ್ಟು. ನನ್ನ ಮೊಣಕಾಲು ಎರಡು ಹೋಳಾಗಿ ಬಾಗಿಲವರೆಗೆ ಉರುಳಿತು. ನಾನು ಕಿಟಾರನೆ ಕಿರುಚಿ ಎರಡೂ ಕೈಯಿಂದ ನನ್ನ ಮೋಟು ಕಾಲನ್ನು ಅವಚಿಕೊಂಡೆ. ಮಾತಿನಲ್ಲಿ ಕೂಡ ಯಾರಿಗೂ ಗದರದ ಮನುಷ್ಯ ಅವರು.

"ಈಗ ಕಿರುಚಿದಿರಲ್ಲ, ಅದನ್ನು ಅಂದೇ ಕಿರುಚಿದ್ದರೆ ಇದನ್ನು ಒಡೆಯಲಿಕ್ಕಿರಲಿಲ್ಲ" ಎಂದರು. "ಈ ಕೋಣೆಯ ಒಳಗೆ ಇನ್ನು ನೀವು ಅಡ್ಡಿಲ್ಲ ಎನ್ನಬಾರದು. ಹೊರಗೆ ಹೋಗಿ ಬೇಕಾದಷ್ಟು ಹೇಳಿ."

ಗಾಯ ಮಾಗಿದ ಮೇಲೆ ಹೊಸ ಅಚ್ಚು ತೆಗೆದರು. ಈ ಸಲ ನಾನು ಹನಮಂತಪ್ಪನನ್ನು ಮೀರಿಸುವ ಹಾಗೆ ಬೊಬ್ಬೆ ಹೊಡೆದೆ. ಹಮೀದಾಕ ಪ್ರತಿ ಬೊಬ್ಬೆಗೂ ಪ್ಲಾಸ್ಟರಿನ ಕಾಲಿನ ಅದೇ ಜಾಗದಲ್ಲಿ ನೀಲಿ ಪೆನ್ಸಿಲಿನಿಂದ ಒಂದು ಸೊನ್ನೆ ಬರೆದು, ಭೇಷ್ ಎಂದರು. ಆ ಕಾಲಿನಲ್ಲಿ ನಾನು ಯಾರ ಕೈಯನ್ನೂ ಹಿಡಿಯದೆ ಬಸ್ಸು ಹತ್ತಿದೆ. ಆ ದಿನ ಬೇಡದ ಕಡೆಯಲ್ಲೂ ಸೀಟಿ ಊದಿದೆ ಎಂಬುದು ಬೇರೆ ಮಾತು. ಹಮೀದಾಕ ಎಷ್ಟೋ ವರ್ಷ ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತಿದ್ದರು. ಮುಖ ನೋಡುವ ಮೊದಲು ನನ್ನ ನಡಿಗೆ ನೋಡುತ್ತಿದ್ದರು. ಸರಿ ಕಂಡರೆ ಮಾತ್ರ ನಮಸ್ಕಾರ.

ಆಮೇಲೆ ಅವರು ಸಿಗುವುದು ನಿಂತಿತು. ನಾನೂ ಮೈಮರೆತೆ. ಕಾಲಿನ ಗೂಡು ಸಡಿಲಾಗಿ ಬದಲಾಯಿಸುವ ಹೊತ್ತು ಬಂದಾಗ ಬನ್ನಂಜೆಗೆ ಹೋದೆ. ಬಾಗಿಲಲ್ಲಿ ಅದೇ ಸರ್ ಸರ್ ಸದ್ದು ಕೇಳಿ ಹಿತವಾಯಿತು. ಒಳಗೆ ಹಮೀದಾಕ ಸ್ಟೂಲಿನ ಮೇಲೆ ಕೂತು ವೈಸಿನಲ್ಲಿದ್ದ ಕಾಲೊಂದನ್ನು ತುರಿಯುತ್ತಿದ್ದರು. ಕೂತು ಕೆಲಸ ಮಾಡುವವರಲ್ಲ ಅವರು. ಲುಂಗಿಯ ಕೆಳಗೆ ನೋಡಿದೆ. ಒಂದು ಕಪ್ಪು ಕಾಲುಚೀಲ ಇತ್ತು. ಇನ್ನೊಂದು ಇರಲಿಲ್ಲ.

ಯಾರ ಕಾಲು ಇದು ಎಂದು ಕೇಳಿದ್ದು ನನ್ನದೇ ಬಾಯಿ ಇರಬೇಕು. ಹೆದರಬೇಡಿ, ನನ್ನದೇ ಎಂದರು.

ಸಕ್ಕರೆ ಕಾಯಿಲೆ ಮೊದಲಿನಿಂದ ಇತ್ತಂತೆ. ಪಾದದ ಅಡಿಯಲ್ಲಿ ಹುಣ್ಣು. ಅದನ್ನು ಮುಚ್ಚಲು ಆ ಕಾಲುಚೀಲ. ಹೆಂಡತಿ ಕೇಳಿದಾಗ ಅಡ್ಡಿಲ್ಲ, ಡಾಕ್ಟರು ಕೇಳಿದಾಗ ಅಡ್ಡಿಲ್ಲ. ನನಗೆ ಅಯ್ಯೋ ಪಾಪ ಎನಿಸಲಿಲ್ಲ, ಸಿಟ್ಟು ನೆತ್ತಿಗೇರಿತು. ನನ್ನ ಕಾಲು ಒಡೆದು ಪಾಠ ಹೇಳಿದ ಮನುಷ್ಯ! ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡು, ಒಂದು ಉಪಕಾರ ಆಗಬೇಕು ಎಂದರು. ತನ್ನ ಕಾಲನ್ನು ತಾನೇ ಒತ್ತಿ ನೋಡಿದರೆ ನೋವು ಬರುವ ಮೊದಲೇ ಹೆಬ್ಬೆರಳು ಹಿಂದೆ ಸರಿಯುತ್ತದೆಯಂತೆ. ಬೇರೆಯವರ ಕೈ ಬೇಕು.

ಅವರ ಮೋಟು ಕಾಲನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಒತ್ತಿದೆ. ಅಡ್ಡಿಲ್ಲ ಎಂದರು. ಇನ್ನೊಂದು ಕಡೆ ಒತ್ತಿದೆ. ಹಣೆಯಲ್ಲಿ ಬೆವರು ಮೂಡಿತು, ಅಡ್ಡಿಲ್ಲ ಎಂದರು. ನಾನು ಕೈ ಚಾಚಿ ಮೇಜಿನ ಮೇಲಿದ್ದ ಸುತ್ತಿಗೆ ಎತ್ತಿಕೊಂಡು ವೈಸಿನಲ್ಲಿದ್ದ ಅವರ ಕಾಲಿನ ಕಡೆ ನೋಡಿದೆ. ಮತ್ತೆ ಅದೇ ಜಾಗ ಒತ್ತಿ ಕೇಳಿದೆ, "ಹಮೀದಾಕ, ನೋವುಂಟಾ?"

ಅವರು ಸುತ್ತಿಗೆಯನ್ನು ನೋಡಿದರು, ವೈಸಿನಲ್ಲಿದ್ದ ತಮ್ಮ ಕಾಲನ್ನು ನೋಡಿದರು. "ಉಂಟು" ಎಂದರು. "ತುಂಬಾ ಉಂಟು ಕಂಡಕ್ಟರ್ರೇ. ಮೊದಲಿನಿಂದ ಉಂಟು."

ವೈಸಿನಲ್ಲಿದ್ದ ಕಾಲಿನ ಅದೇ ಜಾಗಕ್ಕೆ ನೀಲಿ ಪೆನ್ಸಿಲಿನಿಂದ ಸೊನ್ನೆ ಬರೆದೆ. ಹಮೀದಾಕ ಪ್ಲಾಸ್ಟರ್ ಕಲಸಿಕೊಟ್ಟು, ನೀವೇ ಮೆತ್ತಿರಿ, ಒಣಗಿದ ಮೇಲೆ ನಾನು ನಯ ಮಾಡುತ್ತೇನೆ ಎಂದರು. ನನ್ನ ಹೆಬ್ಬೆರಳಿನಿಂದ ಒತ್ತಿ ಮೆತ್ತಿದೆ. ಬಾಗಿಲವರೆಗೆ ಹೋದವನನ್ನು ಕರೆದು, ನಿಮ್ಮ ನಡಿಗೆ ಸ್ವಲ್ಪ ಎಡಕ್ಕೆ ವಾಲುತ್ತದೆ, ಬರುವ ವಾರ ಬನ್ನಿ ಎಂದರು.

ಆ ವಾರ ಬರುವ ಮೊದಲೇ, ಉಡುಪಿಯಿಂದ ಹೊರಟ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದಾಗ ಕಾಪುವಿನ ಪರಿಚಯದವರೊಬ್ಬರು ಹೇಳಿದರು, ಹಮೀದಾಕ ಹೋದರಲ್ಲ, ಗೊತ್ತಾಗಲಿಲ್ಲವಾ ಎಂದು. ಎದೆನೋವಂತೆ. ಹೆಂಡತಿ ಕೇಳಿದಾಗ ಅಡ್ಡಿಲ್ಲ ಎಂದು ಮಗ್ಗುಲಾದರಂತೆ. ಮುಂದಿನ ಸ್ಟಾಪಿನಲ್ಲಿ ಜನ ಹತ್ತಿ ಆಯಿತು, ನಾನು ಸೀಟಿಯನ್ನು ತುಟಿಗಿಟ್ಟುಕೊಂಡು ನಿಂತೇ ಇದ್ದೆ. ಡ್ರೈವರ್ ತಿರುಗಿ ಎರಡು ಸಲ ಕರೆದನಂತೆ. ಕೊನೆಗೆ ಯಾರೋ ಬಸ್ಸಿನ ತಗಡು ಬಡಿದು ರೈಟ್ ಎಂದರು.

ಬನ್ನಂಜೆಗೆ ಹೋದೆ. ಹಮೀದಾಕನ ಜಾಗಕ್ಕೆ ಹೊಸದಾಗಿ ಬಂದವರೊಬ್ಬರು ನನ್ನ ಗೂಡು ಬದಲಾಯಿಸಲು ಕಾಯುತ್ತಿದ್ದರು. ವೈಸಿನಲ್ಲಿ ಹಮೀದಾಕನ ಕಾಲು ಇನ್ನೂ ಹಾಗೆಯೇ ಇತ್ತು. ನಾನು ಮೆತ್ತಿದ ಪ್ಲಾಸ್ಟರ್ ಕಲ್ಲಿನಂತೆ ಬಿಗಿದು, ಮೇಲೆ ನನ್ನ ಹೆಬ್ಬೆರಳಿನ ಗುಳಿ ಮೂಡಿತ್ತು. ಹೊಸಬರು, ನಿಮ್ಮ ಕಾಲಿಗೆ ವೈಸ್ ಬೇಕು, ಇದನ್ನು ಒಡೆದು ತೆಗೆಯುತ್ತೇನೆ ಎಂದರು. ಸ್ವಲ್ಪ ತಡೆಯಿರಿ ಎಂದೆ.

ರಾಸ್ಪ್ ಅಲ್ಲೇ ಇತ್ತು. ಕೈಗೆ ತೆಗೆದುಕೊಂಡು ಆ ಗುಳಿಯ ಸುತ್ತ ಎಳೆದೆ. ಮೊದಲು ಗಡಸಾಗಿ ಸಿಕ್ಕಿಕೊಂಡಿತು, ಆಮೇಲೆ ಸರ್ ಎಂದಿತು. ಉಬ್ಬು ತಗ್ಗದ ಹಾಗೆ ಅಂಚು ಮಾತ್ರ ನಯ ಮಾಡಿದೆ. ಪುಡಿ ಊದಿ, ಕಣ್ಣು ಮುಚ್ಚಿ, ಬೆರಳುಗಳ ಹಿಂಬದಿಯಿಂದ ಸವರಿದೆ.

ಈಗ ಒಡೆಯಬಹುದಲ್ವಾ, ಅಡ್ಡಿಲ್ವಾ ಎಂದು ಅವರು ಕೇಳಿದರು.

"ಅಡ್ಡಿ ಉಂಟು" ಎಂದೆ. "ಆದರೂ ಒಡೆಯಿರಿ."