ಬದರಿನಾಥರಿಗೆ ಸಿಕ್ಕಿದ ಸಮುದಾಯ

ಬದರಿನಾಥರು ವಿಮಾ ಕಂಪನಿಯಿಂದ ನಿವೃತ್ತರಾದವರು. ಮಂಡ್ಯದ ಕಡೆಯವರು, ಮದರಾಸಿಗೆ ಬಂದು, ಅದು ಚೆನ್ನೈ ಆದದ್ದನ್ನೂ ಕಂಡು, ಸೈದಾಪೇಟೆಯಲ್ಲಿ ಅಡ್ಯಾರ್ ನದಿಗೆ ಬೆನ್ನು ಹಾಕಿ ನಿಂತ ಅಪಾರ್ಟ್‌ಮೆಂಟಿನಲ್ಲಿ ನೆಲೆಸಿದ್ದರು. ಅಲ್ಲಿನ ನಿವಾಸಿಗಳ ಸಂಘಕ್ಕೆ ಅವರೇ ಕಾರ್ಯದರ್ಶಿ.

೨೦೦೨ರಲ್ಲಿ ದೊಡ್ಡ ಹೋಟೆಲೊಂದರಲ್ಲಿ ನದಿಗಳ ಬಗ್ಗೆ ವಿಚಾರ ಸಂಕಿರಣ ನಡೆಯಿತು. ಊಟ ಸೊಗಸಾಗಿತ್ತು. ಬದರಿನಾಥರು ಅಲ್ಲಿಂದ ಎರಡು ಮಾತು ಹೊತ್ತು ತಂದರು: ‘ದೇಶಿ ಸಸ್ಯ’ ಮತ್ತು ‘ಸಮುದಾಯದ ಸಹಭಾಗಿತ್ವ’. ಆಮೇಲೆ ಲಿಫ್ಟ್ ಕೆಟ್ಟರೂ ಸಭೆಯಲ್ಲಿ ಸಮುದಾಯದ ಮಾತೇ.

ನೆರವು ನೀಡುವ ಸಂಸ್ಥೆಯೊಂದು ದಂಡೆಗೆಂದು ಹೊಂಗೆ, ಹೂವರಸಿ, ಲಕ್ಕಿ ಸಸಿಗಳನ್ನು ಕೊಟ್ಟಿತು. ನೆಡುವ ದಿನ ಹೆಂಗಸರು ರೇಷ್ಮೆ ಸೀರೆಯಲ್ಲಿ ಇಳಿದು ಬಂದರು. ಪತ್ರಿಕೆಯಲ್ಲಿ ಫೋಟೋ ಬಂತು. ನೀರು ಹಾಕುವುದಕ್ಕೆ ಮಾತ್ರ ಯಾರೂ ಬರಲಿಲ್ಲ. ಬಂದ ಒಬ್ಬಿಬ್ಬರು ಹೊಂಗೆ ಕಿತ್ತು ಕ್ರೋಟನ್ ನೆಟ್ಟರು.

“ಹೊಂಗೆ ಬಸ್ ಸ್ಟ್ಯಾಂಡಲ್ಲೂ ಇರುತ್ತೆ ಸಾರ್. ನಮ್ಮ ಲೆವೆಲ್‌ಗೆ ಏನಾದ್ರೂ ಬೇಡ್ವಾ?” ಎಂದರು.

ಉಳಿದದ್ದನ್ನು ಪಕ್ಕದ ಗುಡಿಸಲುಗಳ ಕನ್ನಿಯಮ್ಮನ ಎಮ್ಮೆಗಳು ತುಳಿದವು. ಸಂಘದವರು ದಂಡೆಯ ದಾರಿಗೆ ಅಡ್ಡಲಾಗಿ ಗೋಡೆ ಎಬ್ಬಿಸಿ, ಗೇಟಿಗೆ ಬೀಗ ಹಾಕಿದರು. ಸಮುದಾಯದ ಗಿಡಗಳನ್ನು ಜನರಿಂದ ಕಾಪಾಡಬೇಕಲ್ಲ.

ಮರುವರ್ಷ ಮಾರ್ಚಿನ ಒಂದು ಭಾನುವಾರ ಆ ಸಂಸ್ಥೆಯವರು ದೆಹಲಿಯಿಂದ ಸಹಭಾಗಿತ್ವವನ್ನು ಕಣ್ಣಾರೆ ನೋಡಲು ಬರುವುದಾಗಿ ತಿಳಿಸಿದರು. ಅಂದೇ ವಿಶ್ವಕಪ್ ಫೈನಲ್. ಬದರಿನಾಥರು ಮನೆ ಮನೆಯ ಬೆಲ್ ಒತ್ತಿದರು.

“ಒಂದು ವಿಕೆಟ್ ಬೀಳ್ಲಿ ಸಾರ್, ಬಂದ್ಬಿಡ್ತೀವಿ.”

ವಿಕೆಟ್ ಬೀಳುವ ಲಕ್ಷಣವೇ ಇರಲಿಲ್ಲ. ಬದರಿನಾಥರು ಬೆವರುತ್ತ ಗೋಡೆಯ ಆಚೆ ಹೋದರು. ಕನ್ನಿಯಮ್ಮ ಎಮ್ಮೆ ತೊಳೆಯುತ್ತಿದ್ದಳು.

“ನಿಮ್ಮೋರನ್ನ ಕರ್ಕೊಂಡು ಬಾಮ್ಮ, ಗಿಡ ನೆಡ್ಬೇಕು,” ಎಂದು ತಮ್ಮ ಮಂಡ್ಯದ ತಮಿಳಿನಲ್ಲಿ ಬೇಡಿಕೊಂಡರು.

“ಯಾವ ದಾರೀಲಿ ಬರ್ಲಿ ಸಾರ್? ಗೋಡೆ ಹತ್ಲಾ?”

ಬದರಿನಾಥರು ಬೀಗ ತೆಗೆದರು.

ಅತಿಥಿಗಳು ಬಂದಾಗ ಗುಡಿಸಲಿನ ಹೆಂಗಸರು ಸೀರೆ ಎತ್ತಿ ಕಟ್ಟಿ ಗುಂಡಿ ತೋಡುತ್ತಿದ್ದರು. ಅತಿಥಿಗಳ ಕಣ್ಣು ಒದ್ದೆಯಾಯಿತು. ಸಂಘದಿಂದ ಇನ್ನೇನು ಬೇಕೆಂದು ಆ ಹೆಂಗಸರನ್ನೇ ಕೇಳಿದರು.

“ಈ ಗೇಟು ತೆರೆದಿರ್ಲಿ. ನಾವೂ ಹೊಳೆ ಹತ್ರ ಬರ್ಬೇಕು. ಎಮ್ಮೇನ ಆ ಕಡೆ ಕಟ್ಕೋತೀವಿ,” ಎಂದಳು ಕನ್ನಿಯಮ್ಮ ತಮಿಳಿನಲ್ಲಿ.

ಬದರಿನಾಥರು ಅದನ್ನು ಇಂಗ್ಲಿಷಿಗೆ ತಿರುಗಿಸಿದರು: “ಸಂಘಕ್ಕೆ ಚಿರಋಣಿ ಅಂತಿದಾಳೆ.”

ಅತಿಥಿಗಳಲ್ಲಿ ಒಬ್ಬಾಕೆ ಮಧುರೈನವರು, ತಮಿಳು ಬಲ್ಲವರು. ಅವರು ಬದರಿನಾಥರನ್ನೇ ನೋಡುತ್ತ ನಿಂತರು. “ಗೇಟೂ ತೆರೆದಿರುತ್ತೆ,” ಎಂದು ಬದರಿನಾಥರು ಮೆಲ್ಲಗೆ ಸೇರಿಸಿದರು.

ಅಂದು ಭಾರತ ಸೋತಿತು, ಗೇಟು ತೆರೆಯಿತು. ಎರಡನ್ನೂ ಸಹಿಸುವುದು ಸಂಘದವರಿಗೆ ಆಗಲಿಲ್ಲ. ಅತಿಥಿಗಳೆದುರು ಕೊಟ್ಟ ಮಾತಾದ್ದರಿಂದ ಗೇಟು ಮುಚ್ಚುವಂತಿರಲಿಲ್ಲ, ಬದರಿನಾಥರ ಪದವಿ ಹೋಯಿತು. ಮುಖ ತೋರಿಸಲಾಗದೆ ಅವರು ಮನೆಯಲ್ಲೇ ಕೂತರು. ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಕನ್ನಿಯಮ್ಮ ಮೆಟ್ಟಿಲು ಹತ್ತಿ ಬಂದಳು.

“ಲಕ್ಕಿ ಗಿಡ ಒಣಗ್ತಿದೆ. ಬನ್ನಿ ಸಾರ್.”

ಕರೆಯುವವರಿದ್ದಾರಲ್ಲ ಎಂಬ ಖುಷಿಯಲ್ಲಿ ಹೋದರು. ಹೋದವರೇ, “ಒಂದು ಸಮಿತಿ ಮಾಡೋಣ, ಸೆಕ್ರೆಟರಿ ಬೇಕಾಗ್ತಾರೆ,” ಎಂದರು.

“ಮೊದ್ಲು ಆ ಕೊಡ ಎತ್ಕೊಳಿ,” ಎಂದಳು ಆಕೆ.

೨೦೦೫ರ ಪ್ರವಾಹ ಅರ್ಧ ಗಿಡಗಳನ್ನು ಕೊಚ್ಚಿಕೊಂಡು ಹೋಯಿತು. ಮತ್ತೆ ನೆಟ್ಟರು. ಇನ್ನೆರಡು ವರ್ಷಕ್ಕೆ ಹೊಂಗೆಯ ನೆರಳು ಬಿತ್ತು, ಮಿಂಚುಳ್ಳಿ ಬಂತು. ನೀರು ಮಾತ್ರ ಮೊದಲಿನಷ್ಟೇ ಕಪ್ಪು. ಅಪಾರ್ಟ್‌ಮೆಂಟಿನವರು ಸಂಜೆ ಅಲ್ಲಿ ವಾಕಿಂಗ್ ಮಾಡುತ್ತ, ಬಂದ ನೆಂಟರಿಗೆ, “ಇದೆಲ್ಲ ನಾವೇ ಮಾಡಿದ್ದು,” ಎಂದು ತೋರಿಸುತ್ತಿದ್ದರು.

“ಕೇಳಿಸ್ಕೊಂಡೂ ಸುಮ್ನಿದೀರಲ್ರೀ,” ಎಂದರು ಹೆಂಡತಿ ಜಯಲಕ್ಷ್ಮೀ.

“ಹೇಳ್ಕೊಳ್ಲಿ ಬಿಡೇ. ಹೊಳೆ ಕಡೆ ಮುಖ ಮಾಡಿದಾರಲ್ಲ,” ಎಂದು ಬದರಿನಾಥರು ಹಳೆಯ ಪಂಚೆ ಸುತ್ತಿಕೊಂಡು ಕಳೆ ಕೀಳಲು ಹೊರಟರು.