ಖಂಡೇಪೂಜೆಯ ದಿನ ಎರಡನೇ ವೈರು

ಹುಕ್ಕೇರಿಯ ಸಣ್ಣ ಆಸ್ಪತ್ರೆಯೊಂದರ ಆಫೀಸು ನೋಡಿಕೊಳ್ಳುತ್ತಿದ್ದೆ. ನನ್ನ ಸರ್ವಿಸಿನ ಕೊನೆಗಾಲಕ್ಕೆ ಅಲ್ಲಿಗೊಂದು ಈಮೇಲ್ ಮಶೀನ್ ಬಂತು. ಬರುವ, ಹೋಗುವ ಮೇಲ್ ಎಲ್ಲ ಅದರ ಮೂಲಕವೇ. ಕಸದ ಮೇಲ್ ಸೋಸಿ ಒಗೆಯುವುದೂ ಅದೇ. ಅದರ ಬೆನ್ನಿಗೆ ನೆಟ್‌ವರ್ಕಿನ ಎರಡು ಪೋರ್ಟು. ಸಂಕೇಶ್ವರದಿಂದ ಬಂದ ಇಂಜಿನಿಯರ್ ಹುಡುಗಿ ಎರಡನ್ನೂ ಜೋಡಿ ಮಾಡಿ, ಎರಡಕ್ಕೂ ಸೇರಿ ಒಂದೇ ಅಡ್ರೆಸ್ ಕೊಟ್ಟಳು.

"ಒಂದು ಡ್ಯೂಟಿ ಮಾಡತೈತ್ರಿ ಮೇಡಮ್, ಇನ್ನೊಂದು ಸ್ಟ್ಯಾಂಡ್‌ಬೈ. ಮೊದಲಿಂದು ಬಿದ್ದರ ಎರಡನೇದು ತಾನ ಎದ್ದು ನಿಂದರತೈತಿ. ಫೇಲ್‌ಓವರ್ ಅಂತಾರ್ರಿ ಇದಕ್ಕ."

ನನ್ನ ಕೈಯಿಂದಲೇ ಒಂದು ವೈರು ಕೀಳಿಸಿದಳು. ಮೇಲ್ ನಿಲ್ಲಲಿಲ್ಲ. ಭಲೇ ಅನ್ನಿಸಿತು. ಆದರೆ ಎರಡೂ ವೈರು ಹೋಗಿ ಸೇರಿದ್ದು ಒಂದೇ ನೆಟ್‌ವರ್ಕ್ ಡಬ್ಬಿಗೆ. ಅದು ಅವಳಿಗೂ ಹೊಳೆಯಲಿಲ್ಲ, ನಮಗೂ.

ಆ ವರ್ಷ ದಸರೆಯ ಆಯುಧಪೂಜೆ, ಅಂದರೆ ನಮ್ಮ ಕಡೆಯ ಖಂಡೇಪೂಜೆಯ ದಿನ ಮೂಡಲಗಿಯ ನಮ್ಮ ಅಕ್ಕ ವಾರ್ಡಿನಲ್ಲಿದ್ದಳು. ಎದೆಯಲ್ಲಿ ಗಂಟು. ಅದರ ಚೂರು ದೊಡ್ಡ ಲ್ಯಾಬಿಗೆ ಹೋಗಿತ್ತು. ರಿಪೋರ್ಟ್ ಅವರು ಆಸ್ಪತ್ರೆಯ ಮೇಲ್‌ಗೆ ಮಾತ್ರ ಕಳಿಸುತ್ತಾರೆ. ಗೋಕಾಕದಿಂದ ಬರುವ ಸರ್ಜನ್ ಮಧ್ಯಾಹ್ನಕ್ಕೆ ವಾಪಸು ಹೋಗುವವರು. ಕೆಟ್ಟ ಗಂಟಾದರೆ ಅವತ್ತೇ ಬೆಳಗಾವಿಗೆ ಒಯ್ಯಬೇಕು.

ಲ್ಯಾಬಿಗೆ ಫೋನ್ ಮಾಡಿದರೆ, ಆಗಲೇ ಕಳಿಸಿದ್ದೇವೆ ಅಂದರು. ನಮಗೆ ಬಂದೇ ಇಲ್ಲ. ಮಶೀನಿನ ರೂಮಿಗೆ ಹೋಗಿ ನೋಡಿದೆ. ನಮ್ಮ ಆಫೀಸಿನ ಜವಾನ, ಪಟ್ಟೇವಾಲಾ ಕಾಕಾ, ಎರಡೂ ವೈರು ಸೇರಿದ ಆ ಡಬ್ಬಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ವಿಭೂತಿ ಹಚ್ಚಿ, ಕೈಮುಗಿದು ನಿಂತಿದ್ದಾರೆ.

"ಕಾಕಾ, ನೀರ್ಯಾಕ ಹಚ್ಚಿದ್ರಿ?"

"ಎಲ್ಲಾರದೂ ಜಳಕಾ ಆಗೈತ್ರಿ ಬಾಯಾರ. ಇದಕ್ಕಷ್ಟ ಬ್ಯಾಡೇನ್ರಿ?"

ಬಟನ್ ಒತ್ತಿದರೆ ಡಬ್ಬಿಗೆ ಜೀವ ಬರಲಿಲ್ಲ. ಹುಡುಗಿಗೆ ಫೋನ್ ಹಚ್ಚಿದೆ. "ಎರಡೂ ವೈರು ಎಲ್ಲಿ ಹೋಗ್ಯಾವ್ರಿ?" ಅಂದಳು. ಹೇಳಿದೆ. "ಅಯ್ಯ, ಎರಡೂ ಒಂದರಾಗ ಚುಚ್ಚಿ ಬಂದೇನಿ ನೋಡ್ರಿ! ಎರಡನೇದನ್ನ ಕಿತ್ತು ಅಕೌಂಟ್ಸ್ ರೂಮಿನ ಡಬ್ಬಿಗೆ ಹಾಕ್ರಿ. ಅದು ಬ್ಯಾರೇ ಲೈನ್ ಐತಿ."

ಅಕೌಂಟ್ಸ್ ರೂಮು ಬಾಜೂಕೇ. ಆದರೆ ಅಲ್ಲಿನ ಡಬ್ಬಿಯೂ ಆಫ್ ಆಗಿ, ಚೆಂಡುಹೂವಿನ ಮಾಲೆ ಹಾಕಿಸಿಕೊಂಡು ಕೂತಿತ್ತು. ಕಾಕಾ ಅಡ್ಡ ನಿಂತರು. "ಪೂಜಿಗೆ ಕುಂತದ್ದನ್ನ ನಾಳಿತನಕ ಮುಟ್ಟಂಗಿಲ್ರಿ."

ಅಲ್ಲಿ ಲೆಕ್ಕ ನೋಡುವ ಹೆಂಗಸು, ನಮ್ಮ ಅಕೌಂಟ್ಸ್ ಬಾಯಿ, ಎದ್ದು ಬಂದು ಡಬ್ಬಿಗೆ ಕೈಮುಗಿದರು. "ಸ್ವಲ್ಪ ಬಾಜೂಕ ಸರೀರಿ ದೇವರ, ಪೇಶಂಟ್ ಅದಾರ" ಎಂದು ಮಾಲೆ ತೆಗೆದು ಪ್ರಿಂಟರಿಗೆ ಹಾಕಿದರು.

"ದೇವರಿಗೂ ಟ್ರಾನ್ಸ್‌ಫರ್ ಮಾಡಿದ್ರೇನ್ರಿ ಅಕ್ಕಾರ?" ಎಂದು ಕಾಕಾ ಗೊಣಗಿದರು, ಗೊಣಗುತ್ತಲೇ ಉದ್ದನೆ ವೈರು ಹುಡುಕಿ ತಂದು ಕೊಟ್ಟರು.

ಡಬ್ಬಿ ಆನ್ ಮಾಡಿ ಎರಡನೇ ವೈರನ್ನು ಅದಕ್ಕೆ ಚುಚ್ಚಿದೆ. ಸ್ವಲ್ಪ ಹೊತ್ತಿಗೆ ಮೇಲ್‌ಗಳು ಒಂದೊಂದಾಗಿ ಬಿದ್ದವು. ಸರ್ಜನ್ ನಿಂತಲ್ಲೇ ಓದಿದರು. "ಕ್ಯಾನ್ಸರ್ ಅಲ್ರಿ. ಮನಿಗೆ ಕರಕೊಂಡು ಹೋಗಿ ಹೋಳಗಿ ಉಣಸ್ರಿ."

ಓಡಿಹೋಗಿ ಹೇಳಿದರೆ ಅಕ್ಕ, "ಇಷ್ಟು ಹೇಳಾಕ ಇಷ್ಟೊತ್ತೇನ? ನಿನ್ನ ಮಶೀನಿಗಿಂತ ನಮ್ಮ ಮೂಡಲಗಿ ಬಸ್ಸ ಛಲೋ" ಅಂದಳು. ಅಂದವಳೇ ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಊಟಕ್ಕೆ ಮುಂಚೆ ಗ್ರೇಸ್, ಅಂದರೆ ದೇವರಿಗೆ ಥ್ಯಾಂಕ್ಸ್, ಹೇಳುವುದನ್ನು ಚಿಕ್ಕಂದಿನಲ್ಲಿ ಕಾನ್ವೆಂಟ್ ಶಾಲೆಯ ಸಿಸ್ಟರ್‌ಗಳು ಕಲಿಸಿದ್ದರು. ಈಗಲೂ ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಅವತ್ತಿನಿಂದ ಅದರಲ್ಲಿ ಆ ಹುಡುಗಿ ಇದ್ದಾಳೆ, ಅಕೌಂಟ್ಸ್ ಬಾಯಿ ಇದ್ದಾರೆ, ಕಾಕಾ ಇದ್ದಾರೆ.

ರಿಟೈರ್ ಆದರೂ ಖಂಡೇಪೂಜೆಗೆ ಆಸ್ಪತ್ರೆಗೆ ಹೋಗುತ್ತೇನೆ. ಈಗ ಎರಡು ವೈರಿಗೆ ಎರಡು ಡಬ್ಬಿ, ಒರೆಸಲು ಒಣ ಬಟ್ಟೆ. ಮೊದಲು ಒಂದೇ ಡಬ್ಬಿ ಪೂಜೆಗೆ ಕೂರುತ್ತದೆ, ಪೂಜೆಯಾದೊಡನೆ ಮತ್ತೆ ಆನ್ ಆಗುತ್ತದೆ. ಆಮೇಲೆ ಎಲ್ಲರೂ ಸ್ಕ್ರೀನ್ ನೋಡುತ್ತ ನಿಲ್ಲುತ್ತೇವೆ, ಮೂಡಲಗಿಯಿಂದ ಅಕ್ಕನ ಮೇಲ್ ಬರುವ ತನಕ: "ಪೂಜಿ ಆತೇನ? ನಾ ಆರಾಮ ಅದೇನಿ."

ಅದನ್ನು ನಾನು ಗಟ್ಟಿಯಾಗಿ ಓದಿದ ಮೇಲೆಯೇ ಕಾಕಾ ಎರಡನೇ ಡಬ್ಬಿಯ ಮಾಲೆ ಕೈಗೆತ್ತಿಕೊಳ್ಳುತ್ತಾರೆ.